ಆಟದ ರೂಲ್ಸ್ ಎಲ್ಲಾ ಗೊತ್ತು, ಆದರೂ ಆಟಕ್ಕೆ ಸೇರಿಸಲ್ಲ: ಎಡಿಎಚ್‌ಡಿ ಮಕ್ಕಳ ಸ್ನೇಹದ ಕಷ್ಟ

ಎಡಿಎಚ್‌ಡಿ ಇರುವ ಮಗುವಿನ ಅಪ್ಪ ಅಮ್ಮ ನನ್ನ ಹತ್ತಿರ ಬಂದಾಗ ಮೊದಲು ಮಾತೆಲ್ಲ ಮಾರ್ಕ್ಸಿನದೇ. ಹೋಮ್‌ವರ್ಕ್ ಮುಗಿಯಲ್ಲ, ಕಂಪಾಸ್ ಬಾಕ್ಸ್ ವಾರಕ್ಕೊಂದು ಕಳೀತಾನೆ, ಡೈರಿಯಲ್ಲಿ ದಿನಾ ಕೆಂಪು ಶಾಯಿ. ನಾನು ಡೊಂಬಿವಲಿ, ಠಾಣೆ ಕಡೆಯ ಶಾಲೆಗಳಲ್ಲಿ ಕೌನ್ಸೆಲರ್ ಕೆಲಸ ಮಾಡುವವಳು. ಕನ್ನಡದವಳು ಅಂತ ಗೊತ್ತಾಗಿ ಬರುವ ಮನೆಯವರೂ ಸುಮಾರು ಜನ. ಎಲ್ಲಾ ಮಾತು ಮುಗಿದು, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಅಮ್ಮ ಇನ್ನೊಂದು ಮಾತು ಹೇಳುತ್ತಾರೆ. "ಮೇಡಂ, ಇವನನ್ನ ಬಿಲ್ಡಿಂಗಲ್ಲಿ ಯಾರೂ ಆಟಕ್ಕೆ ಕರೆಯಲ್ಲ. ಬರ್ತ್‌ಡೇಗೂ ಕರೆಯಲ್ಲ." ನನ್ನ ಕೇಳಿದರೆ ಆ ಮಾತೇ ಮೊದಲು ಬರಬೇಕಿತ್ತು. ಮಾರ್ಕ್ಸಿಗೆ ಟ್ಯೂಷನ್ ಇದೆ, ಪರೀಕ್ಷೆ ವರ್ಷ ವರ್ಷ ಬರುತ್ತದೆ. ಒಂಟಿಯಾಗಿ ಬಾಲ್ಕನಿಯಲ್ಲಿ ನಿಂತು ಕೆಳಗಿನ ಆಟ ನೋಡುವ ಮಗುವಿಗೆ ಟ್ಯೂಷನ್ ಎಲ್ಲಿದೆ?

ಎಡಿಎಚ್‌ಡಿ ಅಂದರೆ ಏನು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ ಇದು. ಕೆಲವು ಮಕ್ಕಳಿಗೆ ಗಮನ ನಿಲ್ಲದಿರುವುದೇ ಮುಖ್ಯ ತೊಂದರೆ, ಕೆಲವರಿಗೆ ಅತಿ ಓಡಾಟ ಮತ್ತು ದುಡುಕು, ಕೆಲವರಿಗೆ ಎರಡೂ. ಹಳೆಯ ರಿಪೋರ್ಟುಗಳಲ್ಲಿ ಎಡಿಡಿ ಅಂತ ಇರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಬಂದ ಹೆಸರು ಅದು, 1987ರಲ್ಲಿ ಎಡಿಎಚ್‌ಡಿ ಆಯಿತು. ಈಗಿನ ನಿಯಮದ ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಒಂದೇ ಕಡೆ ಅಲ್ಲದೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಗಣಿತದ ಟೀಚರ್ ಹತ್ತಿರ ಮಾತ್ರ ಚೇಷ್ಟೆ ಮಾಡುವ ಹುಡುಗನಿಗೆ ಈ ಹೆಸರು ಅಂಟಿಸುವ ಹಾಗಿಲ್ಲ. ಜಗತ್ತಿನಾದ್ಯಂತ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದೆ ಎಂಬ ಅಂದಾಜಿದೆ. ಅಂದರೆ ನಮ್ಮ ಒಂದೊಂದು ಕ್ಲಾಸಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. "ಇವನಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ" ಅಂತ ಅಜ್ಜಿ ಹೇಳುವುದರಲ್ಲಿ ಸತ್ಯ ಇದೆ, ಇದು ವಂಶದಲ್ಲಿ ಬಲವಾಗಿ ಹರಿದುಬರುವಂಥದ್ದು. ಅದಕ್ಕೇ "ಹಾಗಾಗಿ ಏನೂ ಮಾಡೋದು ಬೇಡ" ಅಂತ ಅಜ್ಜಿ ಸೇರಿಸಿದರೆ ಮಾತ್ರ ನಾನು ಒಪ್ಪುವುದಿಲ್ಲ.

ಈಗ ಆಟಕ್ಕೆ ಬರೋಣ. ಸಂಜೆ ಆರು ಗಂಟೆ, ಸೊಸೈಟಿಯ ಕಾಂಪೌಂಡ್. ಹತ್ತು ವರ್ಷದ ಒಬ್ಬ ಹುಡುಗ, ಇಲ್ಲಿ ಅವನನ್ನು ಪುಟ್ಟ ಅನ್ನೋಣ. ಅಂಡರ್‌ಆರ್ಮ್ ಕ್ರಿಕೆಟ್ ನಡೀತಿದೆ. ಚೆಂಡು ನೇರವಾಗಿ ಬಾಲ್ಕನಿಗೆ ಹೋದರೆ ಔಟ್. ಒಂದು ಟಪ್ಪು ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ನಿಲ್ಲಿಸಿದ ಕಾರಿಗೆ ತಾಗಿದರೆ ಡೆಡ್ ಬಾಲ್. ಇವತ್ತು ಜೋಶಿ ಅಂಕಲ್ ಕಾರು ಇಲ್ಲ, ಆ ಜಾಗಕ್ಕೆ ಹೋದರೆ ಎರಡು ರನ್. ಈ ಕೊನೆಯ ರೂಲ್ ಈಗಷ್ಟೇ ಹುಟ್ಟಿದ್ದು, ಯಾರೋ ಕೂಗಿ ಹೇಳಿದರು, ಎಲ್ಲರೂ ಒಪ್ಪಿದರು.

ಪುಟ್ಟನನ್ನು ಗೇಟಿನ ಹತ್ತಿರ ಫೀಲ್ಡಿಂಗ್‌ಗೆ ನಿಲ್ಲಿಸಿದ್ದಾರೆ. ನಾಲ್ಕು ಬಾಲ್ ಆಯಿತು, ಒಂದೂ ಆ ಕಡೆ ಬರಲಿಲ್ಲ. ಐದನೆಯದು ಬರುವಾಗ ಅವನು ಸ್ಕೂಟರ್ ಕೆಳಗಿನ ಬೆಕ್ಕಿನ ಮರಿ ನೋಡುತ್ತಿದ್ದ. ಚೆಂಡು ಪಕ್ಕದಿಂದಲೇ ಹೋಯಿತು. "ಅರೇ ಯಾರ್!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಬ್ಯಾಟಿಂಗಿನಲ್ಲಿ ಅವನದು ಆರನೇ ನಂಬರ್. "ಮೇರಾ ನಂಬರ್ ಕಬ್?" ಅಂತ ಒಂದು ಸಲ ಕೇಳಿದ, ಎರಡು ಸಲ ಕೇಳಿದ, ಮೂರನೇ ಸಲ ಹೋಗಿ ಬ್ಯಾಟಿಗೇ ಕೈ ಹಾಕಿದ. ಬೇಜಾರಾಗಿ ಕೊಟ್ಟೇಬಿಟ್ಟರು. ಮೊದಲ ಬಾಲಿಗೇ ಔಟ್. "ಕಾರಿಗೆ ತಾಗಿತ್ತು, ಡೆಡ್ ಬಾಲ್" ಅಂತ ಜಗಳ. ಕಾರು ಅಲ್ಲಿಲ್ಲವಲ್ಲ! ಎಲ್ಲರೂ ನಕ್ಕರು. ಬ್ಯಾಟ್ ಬಿಸಾಕಿ ಮೆಟ್ಟಿಲು ಹತ್ತಿ ಮನೆಗೆ ಹೋದ. ಹತ್ತು ನಿಮಿಷಕ್ಕೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಕೆಳಗಿಳಿದು ಬಂದ. ಅವನ ಸಿಟ್ಟು ಇಳಿದಿತ್ತು. ಉಳಿದವರದ್ದು ಇಳಿದಿರಲಿಲ್ಲ.

ಮೇಲಿನಿಂದ ನೋಡಿದರೆ ಸೊಕ್ಕಿನ ಹುಡುಗ. ಒಳಗೆ ನಡೆದದ್ದೇ ಬೇರೆ. ಏನೂ ನಡೆಯದ ನಾಲ್ಕು ಬಾಲುಗಳ ಕಾಲ ಗಮನವನ್ನು ಎಳೆದು ಹಿಡಿದಿರುವುದು ಅವನಿಗೆ ತುಂಬಾ ಕಷ್ಟ. ಬೆಕ್ಕಿನ ಮರಿಯಂಥ ಹೊಸದು ಕಂಡರೆ ಗಮನ ತಾನಾಗಿ ಅತ್ತ ಹೋಗುತ್ತದೆ. ಕಾಯುವಾಗ ಉಳಿದ ಮಕ್ಕಳು "ಇನ್ನು ಎರಡೇ ಜನ" ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳುತ್ತಾರೆ. ಅವನಿಗೆ ಕಾಯುವ ಸಮಯ ಬರೀ ಸಂಕಟ. ಈಗಷ್ಟೇ ಬದಲಾದ ರೂಲನ್ನು ತಲೆಯಲ್ಲಿ ಇಟ್ಟುಕೊಂಡೇ ಆಡುವ ಶಕ್ತಿಗೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ಅವನಲ್ಲಿ ದುರ್ಬಲ, ಕಾರಿನ ಹಳೆಯ ರೂಲೇ ಬಾಯಿಗೆ ಬಂತು. ಸುಳ್ಳು ಹೇಳಲಿಲ್ಲ ಅವನು. ಇನ್ನು ಭಾವನೆ. ಸೋತ ಬೇಸರ ಎಲ್ಲಾ ಮಕ್ಕಳಿಗೂ ಬರುತ್ತದೆ. ಬೇಸರಕ್ಕೂ ಕೈಗೂ ನಡುವೆ ಒಂದು ಕ್ಷಣದ ತಡೆ ಇರಬೇಕಲ್ಲ, ಅದು ಅವನಲ್ಲಿ ಇನ್ನೂ ಗಟ್ಟಿಯಾಗಿಲ್ಲ.

ಅದೇ ರಾತ್ರಿ ಅಮ್ಮ ಕೂರಿಸಿಕೊಂಡು ಕೇಳುತ್ತಾರೆ: "ಔಟಾದ್ರೆ ಏನು ಮಾಡ್ಬೇಕು ಪುಟ್ಟ?" ಉತ್ತರ ಥಟ್ಟನೆ ಬರುತ್ತದೆ. "ಬ್ಯಾಟ್ ಕೊಡ್ಬೇಕು. ಸಿಟ್ಟು ಮಾಡ್ಬಾರ್ದು. ಸಾರಿ ಕೇಳ್ಬೇಕು." ನೂರಕ್ಕೆ ನೂರು. ಅಮ್ಮನಿಗೆ ಇನ್ನೂ ಉರಿಯುತ್ತದೆ, ಇಷ್ಟೆಲ್ಲಾ ಗೊತ್ತಿದ್ದೂ ಹೀಗಾ ಅಂತ.

ಇಡೀ ವಿಷಯದ ಗಂಟು ಇಲ್ಲೇ ಇದೆ. ಇದು ತಿಳಿವಳಿಕೆಯ ಕೊರತೆ ಅಲ್ಲ. ತಿಳಿದದ್ದನ್ನು ಆ ಹೊತ್ತಿಗೆ, ಆ ಬಿಸಿಯಲ್ಲಿ ಮಾಡಲು ಆಗದಿರುವುದು. ಲೋಕಲ್ ಟ್ರೇನ್ ಹತ್ತೋದನ್ನು ಮನೆಯ ಸೋಫಾದಲ್ಲಿ ಕೂತು ಕಲಿಸಿದ ಹಾಗೆ: ಇಳಿಯುವವರಿಗೆ ಮೊದಲು ಜಾಗ ಬಿಡಬೇಕು ಅಂತ ಯಾರಿಗೆ ಗೊತ್ತಿಲ್ಲ? ಬೆಳಗ್ಗೆ ಎಂಟೂವರೆಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬಂದಾಗ ಕಾಲು ಮಾಡುವುದೇ ಬೇರೆ. ಎಡಿಎಚ್‌ಡಿ ಬಗ್ಗೆ ದಶಕಗಳಿಂದ ಬರೆದಿರುವ ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲೀ ಒಂದು ಒರಟು ಲೆಕ್ಕ ಕೊಡುತ್ತಾರೆ. ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವ ವಿಷಯದಲ್ಲಿ ಈ ಮಕ್ಕಳು ಓರಗೆಯವರಿಗಿಂತ ಸುಮಾರು 30 ಶೇಕಡಾ ಹಿಂದಿರುತ್ತಾರೆ ಅಂತ. ಅಂದರೆ ಹತ್ತರ ಹುಡುಗನಲ್ಲಿ ಏಳರವನ ಸಂಯಮ. ಬುದ್ಧಿ ಮಾತ್ರ ಹತ್ತರದ್ದೇ, ಕೆಲವೊಮ್ಮೆ ಹನ್ನೆರಡರದ್ದು. ಹಾಗಾಗಿಯೇ ಇಂಥ ಎಷ್ಟೋ ಮಕ್ಕಳು ತಮಗಿಂತ ಎರಡು ಮೂರು ವರ್ಷ ಚಿಕ್ಕವರ ಜೊತೆ ಚೆನ್ನಾಗಿ ಆಡುತ್ತಾರೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ಗುಂಪಿನಲ್ಲಿ ಇವನೇ ಲೀಡರ್. "ಅಲ್ಲಿ ಸರಿಯಾಗಿರ್ತಾನೆ ಮೇಡಂ, ಇಲ್ಲಿ ಬೇಕೂಂತ ಮಾಡ್ತಾನೆ" ಅನ್ನುತ್ತಾರೆ ಅಪ್ಪಂದಿರು. ಬೇಕೂಂತ ಅಲ್ಲ. ಅಲ್ಲಿ ವಯಸ್ಸು ಬೆರೆತಿರುತ್ತದೆ, ಜಾಗ ದೊಡ್ಡದು, ದೊಡ್ಡವರ ಕಣ್ಣು ಇರುತ್ತದೆ, ಕಾಯುವುದು ಕಡಿಮೆ.

ಗಮನದ ತೊಂದರೆ ಮಾತ್ರ ಇರುವ ಮಕ್ಕಳ ಕಥೆ ಬೇರೆ, ಸದ್ದಿಲ್ಲದ್ದು. ಹೆಣ್ಣುಮಕ್ಕಳಲ್ಲಿ ಇದು ತುಂಬಾ ತಪ್ಪಿಹೋಗುತ್ತದೆ. ಡಬ್ಬಾ ಬಿಚ್ಚಿ ಕೂತ ಐದು ಹುಡುಗಿಯರ ಗುಂಪು ನೆನೆಸಿಕೊಳ್ಳಿ. ಮಾತು ಡ್ಯಾನ್ಸ್ ಕಾಂಪಿಟಿಷನ್‌ನಿಂದ ಟೀಚರ್ ಸೀರೆಗೆ, ಅಲ್ಲಿಂದ ಯಾರದೋ ರಹಸ್ಯಕ್ಕೆ ಹಾರುತ್ತದೆ. ಒಬ್ಬಳು ಎರಡು ನಿಮಿಷ ಎಲ್ಲೋ ಹೋಗಿ ವಾಪಸ್ ಬರುತ್ತಾಳೆ, ಡ್ಯಾನ್ಸ್ ಬಗ್ಗೆಯೇ ಏನೋ ಹೇಳುತ್ತಾಳೆ. ಉಳಿದವರು ಮುಖ ಮುಖ ನೋಡುತ್ತಾರೆ. ಗೆಳತಿ ಹೇಳಿದ ಗುಟ್ಟು ಮರೆತುಹೋಗುತ್ತದೆ, "ನಾಳೆ ನಿನ್ನ ನೋಟ್ಸ್ ತರ್ತೀನಿ" ಅಂದದ್ದೂ ಮರೆತುಹೋಗುತ್ತದೆ. ಗೆಳತಿಗೆ ಕಾಣುವುದು ಮರೆವು ಅಲ್ಲ, "ನಾನಂದ್ರೆ ಇವಳಿಗೆ ಲೆಕ್ಕಕ್ಕಿಲ್ಲ" ಅನ್ನುವುದು. ಇಂಥವಳ ಜೊತೆ ಯಾರೂ ಟೂ ಬಿಡುವುದಿಲ್ಲ, ಜಗಳವೂ ಇಲ್ಲ. ಸುಮ್ನೆ ಬಿಟ್ಟುಹೋಗುತ್ತಾರೆ. ಟೀಚರಿಗೆ ಅವಳು "ಶಾಂತ ಹುಡುಗಿ".

ಈ ವ್ಯತ್ಯಾಸವನ್ನು ಸಂಶೋಧಕರು ಅಳೆಯುವ ಕ್ರಮ ಸರಳವಾದದ್ದು. ಕ್ಲಾಸಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಾರೆ: ನಿನಗೆ ಯಾರು ಇಷ್ಟ, ಯಾರು ಇಷ್ಟ ಇಲ್ಲ? ತುಂಬಾ ಜನ ಇಷ್ಟ ಇಲ್ಲ ಅಂದರೆ ಆ ಮಗು ತಿರಸ್ಕೃತ. ಎರಡೂ ಪಟ್ಟಿಯಲ್ಲಿ ಹೆಸರೇ ಬರದಿದ್ದರೆ ಕಡೆಗಣಿಸಲ್ಪಟ್ಟದ್ದು. ಬೆಟ್ಸಿ ಹೋಜಾ ಮತ್ತು ಜೊತೆಗಾರರು ಅಮೆರಿಕದಲ್ಲಿ ಹೀಗೆ ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ 52 ಶೇಕಡಾ ತಿರಸ್ಕೃತರ ಗುಂಪಿಗೆ ಬಿದ್ದರು. ಎಲ್ಲರಿಗೂ ಬೇಕಾದವರ ಗುಂಪಿನಲ್ಲಿ ಒಂದು ಶೇಕಡಾ ಕೂಡ ಇರಲಿಲ್ಲ. "ಅವನು ನನ್ನ ಫ್ರೆಂಡ್" ಅಂತ ಇಬ್ಬರೂ ಪರಸ್ಪರ ಹೇಳುವ ಗೆಳೆತನ ಒಂದೂ ಇಲ್ಲದವರು ಅರ್ಧಕ್ಕಿಂತ ಹೆಚ್ಚು. ಉಳಿದ ಸಹಪಾಠಿಗಳಲ್ಲಿ ಅಂಥವರು ಸುಮಾರು ಮೂರನೇ ಒಂದು ಪಾಲು.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಜಾಸ್ತಿ ಚುರುಕ್ ಅನ್ನಿಸಿದ್ದು. 1994ರಲ್ಲಿ ಪ್ರಕಟವಾದದ್ದು, ಡ್ರೂ ಎರ್ಹಾರ್ಟ್ ಮತ್ತು ಸ್ಟೀಫನ್ ಹಿನ್‌ಶಾ ಅವರದ್ದು. ಬೇಸಿಗೆ ಶಿಬಿರವೊಂದರಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹುಡುಗರನ್ನು ಸೇರಿಸಿ ನೋಡಿದರು. ಎಡಿಎಚ್‌ಡಿ ಇರುವ ಹುಡುಗರ ಬಗ್ಗೆ ಬೇಡ ಅನ್ನುವ ಅಭಿಪ್ರಾಯ ಮೊದಲ ದಿನವೇ ಹುಟ್ಟಿಬಿಟ್ಟಿತ್ತು. ಹೊಸ ಶಾಲೆಗೆ ಹಾಕಿದರೆ ಎಲ್ಲಾ ಹೊಸದಾಗಿ ಶುರುವಾಗುತ್ತದೆ ಅಂತ ಅಂದುಕೊಳ್ಳುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೇ ಹೇಳುವುದು. ಮೊದಲ ದಿನಕ್ಕೆ ಏನೂ ತಯಾರಿ ಇಲ್ಲದಿದ್ದರೆ ಶಾಲೆ ಬದಲಿಸಿ ಪ್ರಯೋಜನ ಕಡಿಮೆ.

ಒಮ್ಮೆ ಹುಟ್ಟಿದ ಅಭಿಪ್ರಾಯ ಸುಲಭಕ್ಕೆ ಅಳಿಯುವುದಿಲ್ಲ. ಮುಂಬೈ ಮಕ್ಕಳ ಆಟದಲ್ಲಿ "ಕಚ್ಚಾ ಲಿಂಬು" ಅಂತ ಒಂದು ವ್ಯವಸ್ಥೆ ಇದೆ. ನಾಲ್ಕೈದು ವರ್ಷದ ಪುಟಾಣಿಗಳನ್ನು ಹಾಗೆ ಸೇರಿಸಿಕೊಳ್ಳುತ್ತಾರೆ. ಓಡಬಹುದು, ಕೂಗಬಹುದು, ಔಟಾದರೂ ಲೆಕ್ಕ ಇಲ್ಲ. ಚಿಕ್ಕವರಿಗೆ ಅದು ಪ್ರೀತಿಯೇ. ಪುಟ್ಟನಂಥವನನ್ನು ಹತ್ತನೇ ವಯಸ್ಸಿನಲ್ಲಿ ಕಚ್ಚಾ ಲಿಂಬು ಮಾಡಿದರೆ, ಅವನು ಆರು ತಿಂಗಳ ನಂತರ ಎಷ್ಟೇ ಚೆನ್ನಾಗಿ ಆಡಿದರೂ ಗುಂಪಿನ ಕಣ್ಣಿಗೆ ಕಚ್ಚಾ ಲಿಂಬುವೇ. ಬೇರೆ ಹುಡುಗ ಬ್ಯಾಟ್ ಬಿಸಾಕಿದರೆ "ಇವತ್ತು ಮೂಡ್ ಸರಿ ಇಲ್ಲ". ಇವನು ಬಿಸಾಕಿದರೆ "ಇವನದ್ದು ಯಾವಾಗ್ಲೂ ಇದೇ". ಇವನು ತಾಳ್ಮೆಯಿಂದ ಕಾದ ದಿನವನ್ನು ಯಾರೂ ಗಮನಿಸುವುದೇ ಇಲ್ಲ. ಹಾಗಾಗಿ ಮಗುವನ್ನು ಮಾತ್ರ ತಿದ್ದುತ್ತಾ ಕೂತರೆ ಅರ್ಧ ಕೆಲಸ ಉಳಿದೇಬಿಡುತ್ತದೆ. ಇನ್ನರ್ಧ ಇರುವುದು ಗುಂಪಿನ ಮನಸ್ಸಿನಲ್ಲಿ, ಆ ಗುಂಪನ್ನು ನೋಡಿಕೊಳ್ಳುವ ದೊಡ್ಡವರಲ್ಲಿ.

ವಿಚಿತ್ರ ಅಂದರೆ ಮಗುವನ್ನೇ ಕೇಳಿದರೆ "ನಂಗೆ ತುಂಬಾ ಫ್ರೆಂಡ್ಸ್" ಅನ್ನುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಬಹಳ ಮಂದಿ ತಮ್ಮ ಸ್ನೇಹದ ಬಗ್ಗೆ ಇರುವುದಕ್ಕಿಂತ ಒಳ್ಳೆಯ ಚಿತ್ರ ಇಟ್ಟುಕೊಂಡಿರುತ್ತಾರೆ ಅನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನೋವು ತಡೆಯಲು ಕಟ್ಟಿಕೊಂಡ ಗೋಡೆಯಾ, ನಿಜವಾಗಿ ಕಾಣುವುದಿಲ್ಲವಾ ಎಂಬ ಚರ್ಚೆ ತಜ್ಞರಲ್ಲೇ ಇದೆ. ಎರಡೂ ಇರಬಹುದು ಅಂತ ನನ್ನ ಅನಿಸಿಕೆ. "ನಿನ್ನ ಯಾರೂ ಇಷ್ಟಪಡಲ್ಲ ಕಣೋ" ಅಂತ ಸತ್ಯ ಹೇಳಿ ಗೋಡೆ ಒಡೆಯಲು ಹೋಗಬೇಡಿ. ಒಡೆದ ಮೇಲೆ ಒಳಗೆ ಉಳಿಯುವ ಮಗುವನ್ನು ಸಂಭಾಳಿಸುವುದು ಇನ್ನೂ ಕಷ್ಟ.

ಔಷಧಿಯ ಪ್ರಶ್ನೆ ಬಂದೇ ಬರುತ್ತದೆ. ಔಷಧಿ ಬರೆಯುವವಳು ನಾನಲ್ಲ, ಅದು ಮಕ್ಕಳ ಮನೋವೈದ್ಯರ ಅಥವಾ ಮಕ್ಕಳ ಬೆಳವಣಿಗೆಯ ತಜ್ಞರ ಕೆಲಸ. ತಿಳಿದಿರಬೇಕಾದದ್ದು ಇಷ್ಟು. ಮಿಥೈಲ್‌ಫೆನಿಡೇಟ್‌ನಂಥ ಔಷಧಿಗಳು ಗಮನವನ್ನೂ ದುಡುಕನ್ನೂ ಚೆನ್ನಾಗಿ ಸುಧಾರಿಸುತ್ತವೆ, ಜಗಳ ಕಡಿಮೆಯಾಗುತ್ತದೆ. ಗೆಳೆಯರನ್ನು ಮಾತ್ರ ತಂದುಕೊಡುವುದಿಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದು 1999ರಲ್ಲಿ ಫಲಿತಾಂಶ ಬಂದ ದೊಡ್ಡ ಅಧ್ಯಯನದಲ್ಲಿ ಔಷಧಿ, ವರ್ತನಾ ಚಿಕಿತ್ಸೆ, ಎರಡನ್ನೂ ಸೇರಿಸಿದ್ದು, ಎಲ್ಲಾ ನೋಡಿದರು. ಚಿಕಿತ್ಸೆ ಯಾವುದೇ ಇರಲಿ, ಸಹಪಾಠಿಗಳ ಕಣ್ಣಿನಲ್ಲಿ ಈ ಮಕ್ಕಳ ಸ್ಥಾನ ಉಳಿದವರ ಮಟ್ಟಕ್ಕೆ ಬರಲಿಲ್ಲ. ಇನ್ನೊಂದು ಸಣ್ಣ ವಿಷಯ, ಯಾರೂ ಯೋಚಿಸುವುದಿಲ್ಲ: ಬೇಗ ಕೆಲಸ ಮಾಡುವ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಕೊಟ್ಟದ್ದು ಸಂಜೆ ಕಾಂಪೌಂಡಿನ ಹೊತ್ತಿಗೆ ಇರುವುದೇ ಇಲ್ಲ. ಸ್ನೇಹ ನಡೆಯುವುದು ಆ ಹೊತ್ತಿನಲ್ಲೇ. ಡೋಸ್ ನೀವೇ ಬದಲಿಸಬೇಡಿ, ಆದರೆ ಈ ವಿಷಯ ಡಾಕ್ಟರಿಗೆ ಹೇಳಿ.

ಹಾಗಾದರೆ ಏನು ಮಾಡುವುದು? ಸಹಾಯ ಆಟ ನಡೆಯುವ ಜಾಗಕ್ಕೆ, ಆಟದ ಹೊತ್ತಿಗೇ ಹೋಗಬೇಕು. ರಾತ್ರಿಯ ಉಪದೇಶ ಬಿಟ್ಟು, ಕೆಳಗಿಳಿಯುವ ಮುಂಚೆ ಒಂದೇ ಒಂದು ಮಾತು: "ಇವತ್ತು ಬ್ಯಾಟ್ ಕೇಳೋದು ಒಂದೇ ಸಲ." ಐದು ವಿಷಯ ಹೇಳಿದರೆ ಲಿಫ್ಟಿನಲ್ಲೇ ಮರೆತುಹೋಗುತ್ತದೆ. ನೀವು ಕೆಳಗೆ ಬೆಂಚಿನ ಮೇಲೆ ಇರಿ, ಕೂಗಬೇಡಿ. ಮೊದಲೇ ಇಬ್ಬರಲ್ಲೂ ಒಂದು ಸನ್ನೆ ಮಾತಾಡಿಕೊಂಡಿರಿ, ಕಿವಿ ಮುಟ್ಟಿಕೊಂಡರೆ "ನೀರು ಕುಡಿಯೋಕೆ ಬಾ" ಅಂತ ಅರ್ಥ. ಸಿಟ್ಟು ಏರುವಾಗ ಆ ಎರಡು ನಿಮಿಷ ಸಿಕ್ಕರೆ ಸಾಕು. ಫೀಲ್ಡಿಂಗ್ ಜಾಗವೂ ಮುಖ್ಯ. ಗೇಟಿನ ಹತ್ತಿರ ನಿಲ್ಲಿಸುವ ಬದಲು ವಿಕೆಟ್ ಕೀಪರ್ ಮಾಡಲು ದೊಡ್ಡ ಹುಡುಗರಿಗೆ ಹೇಳಿ ನೋಡಿ. ಪ್ರತಿ ಬಾಲೂ ಅವನ ಕಡೆಗೇ ಬರುತ್ತದೆ, ಬೆಕ್ಕಿನ ಮರಿಗೆ ಪುರುಸೊತ್ತಿಲ್ಲ.

ಅದಕ್ಕಿಂತಲೂ ಮುಖ್ಯ, ಹನ್ನೆರಡು ಜನರ ಗುಂಪನ್ನು ಗೆಲ್ಲುವ ಆಸೆ ಬಿಡಿ. ಒಬ್ಬನನ್ನು ಹುಡುಕಿ. ಗುಂಪು ಒಪ್ಪದಿದ್ದರೂ ಒಬ್ಬ ಗಟ್ಟಿ ಗೆಳೆಯ ಇದ್ದರೆ ಮಗುವಿಗೆ ಎಷ್ಟೋ ಧೈರ್ಯ. ಅಮೋರಿ ಮಿಕಾಮಿ ಅನ್ನುವ ಮನೋವಿಜ್ಞಾನಿ ಅಪ್ಪ ಅಮ್ಮಂದಿರನ್ನೇ ಸ್ನೇಹದ ಕೋಚ್ ಮಾಡುವ ತರಬೇತಿ ರೂಪಿಸಿದ್ದಾರೆ. ಅದರ ತಿರುಳು ಮನೆಗೆ ಒಬ್ಬನನ್ನು ಕರೆದು ಚೆನ್ನಾಗಿ ಆಡಿಸುವುದು. ನಮ್ಮ ಒನ್ ಬಿಎಚ್‌ಕೆಯಲ್ಲಿ, ಮಳೆಗಾಲದ ನಾಲ್ಕು ತಿಂಗಳಲ್ಲಿ, ಅದು ಹೀಗೆ ಆಗುತ್ತದೆ. ಕ್ಲಾಸಿನ ಹೀರೋನನ್ನು ಕರೆಯಬೇಡಿ, ಸ್ವಲ್ಪ ಮೆತ್ತಗಿನ, ಇವನಿಗಿರುವ ಹುಚ್ಚೇ ಇರುವ ಹುಡುಗ ಸಾಕು, ಒಂದೆರಡು ವರ್ಷ ಚಿಕ್ಕವನಾದರೂ ಸರಿ. ಒಂದೇ ಗಂಟೆ. ಪುಟ್ಟನಿಗೆ ಜೀವವಾದ ರಿಮೋಟ್ ಕಾರನ್ನು ಬೀರುವಿನ ಮೇಲೆ ಎತ್ತಿಡಿ, ಜಗಳ ಅಲ್ಲೇ ಹುಟ್ಟುವುದು. ವಿಡಿಯೋ ಗೇಮ್ ಬೇಡ, ಒಬ್ಬ ಆಡುತ್ತಾನೆ ಇನ್ನೊಬ್ಬ ನೋಡುತ್ತಾನೆ. ಒಟ್ಟಿಗೆ ಮಾಡುವ ಕೆಲಸ ಇರಲಿ: ಬ್ಲಾಕ್ಸ್ ಕಟ್ಟುವುದು, ನೀರುದೋಸೆ ಹಿಟ್ಟನ್ನು ಚಿತ್ರ ಬರೆದ ಹಾಗೆ ತವಾ ಮೇಲೆ ಹುಯ್ಯುವುದು, ನೀವು ಪಕ್ಕದಲ್ಲಿ ನಿಂತು. "ಮೊದಲ ಆಟ ಬಂದವನ ಇಷ್ಟ, ಎರಡನೆಯದು ನಿಂದು" ಅಂತ ಮೊದಲೇ ಹೇಳಿರಿ. ಚೆನ್ನಾಗಿ ನಡೀತಿರುವಾಗಲೇ ಮುಗಿಸಿ. ಇನ್ನೂ ಆಡ್ಬೇಕು ಅಂತ ಅಳುತ್ತಾ ಹೋದರೆ ಮುಂದಿನ ವಾರ ತಾನೇ ಬರುತ್ತಾನೆ. ಹೋದ ಮೇಲೆ ತಪ್ಪುಗಳ ಪಟ್ಟಿ ಬೇಡ. "ಅವನು ಬ್ಲಾಕ್ ಕೇಳ್ದಾಗ ಕೊಟ್ಟೆಯಲ್ಲ, ಅದು ನಂಗೆ ತುಂಬಾ ಇಷ್ಟ ಆಯ್ತು." ಅಷ್ಟೇ.

ಆ ಹುಡುಗನ ಅಮ್ಮನಿಗೆ ವಿಷಯ ಹೇಳಬೇಕಾ? ರಿಪೋರ್ಟಿನ ಹೆಸರು ಹೇಳುವ ಅಗತ್ಯ ಇಲ್ಲ. "ನಮ್ಮವನಿಗೆ ಬೇಗ ಸಿಟ್ಟು ಬರುತ್ತೆ, ನಾವು ಅದರ ಮೇಲೆ ಕೆಲಸ ಮಾಡ್ತಿದ್ದೀವಿ, ಏನಾದ್ರೂ ಆದ್ರೆ ನಂಗೆ ಫೋನ್ ಮಾಡಿ ಅಕ್ಕಾ" ಅಂದರೆ ಸಾಕಾಗುತ್ತದೆ. ಮುಚ್ಚಿಟ್ಟು ನಾಲ್ಕು ದಿನಕ್ಕೆ ಜಗಳವಾಗಿ ಗೊತ್ತಾಗುವುದಕ್ಕಿಂತ ಇದು ವಾಸಿ. ಮನೆಯಲ್ಲಿ ಕನ್ನಡ ಬಿಡಿ, ತುಳು ಬಿಡಿ, ಮಗುವಿಗೆ ಗೊಂದಲ ಅಂತ ಸಲಹೆ ಕೊಡುವವರೂ ಇದ್ದಾರೆ. ಮನೆಯಲ್ಲೊಂದು, ಮೈದಾನದಲ್ಲಿ ಹಿಂದಿ, ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಇದ್ದ ಮಾತ್ರಕ್ಕೆ ಎಡಿಎಚ್‌ಡಿ ಬರುವುದಿಲ್ಲ. ಅಜ್ಜಿಯ ಜೊತೆ ಮಾತು ಬಿಡಿಸಿದರೆ ಇರುವ ಒಬ್ಬ ಗೆಳತಿಯನ್ನೂ ಕಿತ್ತುಕೊಂಡ ಹಾಗೆ.

ಶಾಲೆಯಲ್ಲಿ ಟೀಚರಿನ ಒಂದು ವಾಕ್ಯಕ್ಕೆ ಇರುವ ತೂಕ ನಮಗೆ ಅಂದಾಜಿಲ್ಲ. ದಿನಕ್ಕೆ ಹತ್ತು ಸಲ ಎಲ್ಲರ ಎದುರು ಒಂದೇ ಹೆಸರು ಕೂಗಿ ಬೈದರೆ, ಇವನನ್ನು ಬೈಯಬಹುದು ಅಂತ ನಲವತ್ತು ಮಕ್ಕಳು ಕಲಿಯುತ್ತಾರೆ. ಮಿಕಾಮಿಯವರ ತಂಡ ಬೇಸಿಗೆ ಶಿಬಿರವೊಂದರಲ್ಲಿ ಇದನ್ನು ತಿರುಗಿಸಿ ನೋಡಿತು. ಈ ಮಕ್ಕಳ ಒಳ್ಳೆಯ ಗುಣಗಳನ್ನು ಟೀಚರುಗಳು ಎಲ್ಲರ ಎದುರು ಹೇಳುವುದು, ತಪ್ಪನ್ನು ಪಕ್ಕಕ್ಕೆ ಕರೆದು ತಿದ್ದುವುದು, ಯಾರನ್ನೂ ಹೊರಗಿಡಬಾರದು ಅನ್ನುವುದನ್ನು ನಿಯಮ ಮಾಡುವುದು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬರೀ ವರ್ತನೆ ತಿದ್ದಿದ ಕ್ಲಾಸಿಗಿಂತ ಇಲ್ಲಿ ತಿರಸ್ಕಾರ ಕಡಿಮೆ, ಪರಸ್ಪರ ಗೆಳೆತನ ಜಾಸ್ತಿ ಕಂಡಿತು. ನಮ್ಮ ಟೀಚರುಗಳಿಗೆ ನಾನು ಕೇಳುವುದು ಇನ್ನೂ ಸಣ್ಣದು: "ನಿಮ್ಮ ನಿಮ್ಮ ಪಾರ್ಟ್ನರ್ ಆರಿಸಿಕೊಳ್ಳಿ" ಅನ್ನಬೇಡಿ, ಜೋಡಿಯನ್ನು ನೀವೇ ಮಾಡಿ. ಕೊನೆಗೆ ಉಳಿಯುವ ಮಗು ಯಾರು ಅಂತ ನಿಮಗೂ ಗೊತ್ತು, ಅಲ್ವಾ?

ಪರೀಕ್ಷೆ ಮಾಡಿಸಲು ದುಡ್ಡಿನ ಯೋಚನೆ ಇದ್ದರೆ ಮುಂಬೈಯ ಸಯನ್, ಕೆಇಎಂ, ನಾಯರ್‌ನಂಥ ಮುನಿಸಿಪಲ್ ಆಸ್ಪತ್ರೆಗಳಿಗೆ ಹೋಗಬಹುದು, ಸಯನ್‌ನಲ್ಲಿ ಕಲಿಕೆಯ ತೊಂದರೆಗೆ ಪ್ರತ್ಯೇಕ ಕ್ಲಿನಿಕ್ಕೇ ಇದೆ. ಎಡಿಎಚ್‌ಡಿ ಜೊತೆ ಓದು ಬರಹದ ತೊಂದರೆಯೂ ಇರುವುದು ಸಾಮಾನ್ಯ, ಎರಡನ್ನೂ ಒಟ್ಟಿಗೆ ನೋಡಿಸಿ. 2001ರಿಂದ ಮುಂಬೈಯಲ್ಲಿರುವ ಉಮ್ಮೀದ್ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆಂದೇ ಇರುವ ಸಂಸ್ಥೆ. ಮಗು ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದರೆ, ಹೊಡೆತದ ಗುರುತು ಕಂಡರೆ, "ನಾನು ಇರೋದೇ ಬೇಡ" ಅನ್ನುವ ಮಾತು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ.